ಟಚ್ ತಗೊಳ್ತಿಲ್ಲ ಅಂದ್ರೆ ತಪ್ಪು ಬೆರಳಿನದಾ, ಗಾಜಿನದಾ?

2020ರ ಮುಂಗಾರಿನಿಂದ ಕರ್ನಾಟಕದ ರೈತರು ತಮ್ಮ ಬೆಳೆ ಸಮೀಕ್ಷೆಯನ್ನು ತಾವೇ ಮಾಡಬಹುದು. ಮೊಬೈಲಿಗೆ ಆಪ್ ಹಾಕಿಕೊಳ್ಳಬೇಕು, ಹೊಲದಲ್ಲಿ ನಿಲ್ಲಬೇಕು, ಸರ್ವೆ ನಂಬರ್ ಆರಿಸಬೇಕು, ತೊಗರಿಯೋ ಮೆಕ್ಕೆಜೋಳವೋ ಒತ್ತಬೇಕು, ಫೋಟೊ ತೆಗೆದು ಕಳಿಸಬೇಕು. ಕೇಳೋಕೆ ಸುಲಭ. ಆದರೆ ಇಂಡಿ, ಸಿಂದಗಿ ಕಡೆ ಹೊಲದ ಬದುವಿನ ಮೇಲೆ ನಿಂತು ನೋಡಿ. ಎಷ್ಟೋ ಕಡೆ ಫೋನ್ ಇರುವುದು ಮಗನ ಕೈಯಲ್ಲಿ, ಇಲ್ಲವೇ ಮೊಮ್ಮಗಳ ಕೈಯಲ್ಲಿ. ಹೊಲದ ಯಜಮಾನರು ಪಕ್ಕದಲ್ಲಿ ನಿಂತು ಹಿಸ್ಸಾ ಸಮೇತ ನಂಬರ್ ಹೇಳುತ್ತಿರುತ್ತಾರೆ.

ಯಾಕೆ ಹೀಗೆ ಅಂದರೆ ಕಚೇರಿಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ. 'ವಯಸ್ಸಾದವರು, ಅವರಿಗೆ ಫೋನ್ ಬರಲ್ಲ.' ಇದು ಅರ್ಧ ನಿಜ. ಇನ್ನರ್ಧ ಏನು ಅಂದರೆ, ಆ ಫೋನಿಗೆ ಅವರ ಬೆರಳು ಬರಲ್ಲ.

ಒಬ್ಬ ಹಿರಿಯರು ಫೋನ್ ಬಳಸುವುದನ್ನು ಹತ್ತಿರದಿಂದ ಗಮನಿಸಿ. ಮೊದಲ ಸಲ ಒತ್ತುತ್ತಾರೆ, ಏನೂ ಆಗುವುದಿಲ್ಲ. ಎರಡನೇ ಸಲ ಜೋರಾಗಿ ಒತ್ತುತ್ತಾರೆ. ಆಗಲೂ ಇಲ್ಲ. ಮೂರನೇ ಸಲ ಉಗುರು ಬೆಳ್ಳಗಾಗುವಷ್ಟು ಅದುಮಿ ಹಿಡಿಯುತ್ತಾರೆ. ಈಗ ಫೋನಿಗೆ ಗೊತ್ತಾಗುತ್ತದೆ, ಆದರೆ ತಪ್ಪಾಗಿ. ಹಿಡಿದದ್ದು ಜಾಸ್ತಿ ಹೊತ್ತಾಯಿತಲ್ಲ, ಅದು 'ಲಾಂಗ್ ಪ್ರೆಸ್'. ಐಕಾನ್ ಎದ್ದು ಬರುತ್ತದೆ, 'ಅನ್‌ಇನ್‌ಸ್ಟಾಲ್' ಅಂತ ಒಂದು ಪೆಟ್ಟಿಗೆ ತೆರೆಯುತ್ತದೆ. ಅವರು ಹೆದರಿ ಫೋನ್ ಕೆಳಗಿಡುತ್ತಾರೆ. ಬಾವಿ ಪಂಪ್‌ನ ಸ್ಟಾರ್ಟರ್ ಮೇಲೆ ಹಸಿರು ಗುಂಡಿ ಒತ್ತಿ ಬೆಳೆದವರು ಇವರು. ಅಲ್ಲಿ ಗಟ್ಟಿಯಾಗಿ ಒತ್ತಿದರೆ 'ಟಕ್' ಅಂತ ಕೂತುಕೊಳ್ಳುತ್ತದೆ, ಮೋಟರ್ ಗುರ್ ಅನ್ನುತ್ತದೆ. ಒತ್ತಿದ್ದಕ್ಕೆ ಫಲ ಉಂಟು ಅಂತ ಕೈ ಕಲಿತಿದೆ. ಗಾಜಿನ ಮುಂದೆ ಆ ಕಲಿಕೆಯೇ ಅಡ್ಡ ಬರುತ್ತದೆ, ಯಾಕೆಂದರೆ ಇವತ್ತಿನ ಫೋನಿನ ಗಾಜಿಗೆ ಒತ್ತಡ ಅನ್ನೋದು ಲೆಕ್ಕಕ್ಕೇ ಇಲ್ಲ.

ಹಾಗಾದರೆ ಅದು ಏನನ್ನು ಲೆಕ್ಕ ಹಾಕುತ್ತದೆ?

ಎರಡು ಬಗೆಯ ಪರದೆ

ನಮ್ಮ ಸುತ್ತಮುತ್ತ ಹೆಚ್ಚಾಗಿ ಕಾಣುವ ಟಚ್‌ಸ್ಕ್ರೀನ್ ಎರಡು ಬಗೆಯವು. ಹೊರಗಿನಿಂದ ಒಂದೇ ಥರ ಕಾಣುತ್ತವೆ, ಒಳಗಿನ ಕೆಲಸ ಪೂರ್ತಿ ಬೇರೆ.

ಹಳೆಯದು ರೆಸಿಸ್ಟಿವ್. ಮೇಲೆ ಬಾಗುವ ಪ್ಲಾಸ್ಟಿಕ್ ಹಾಳೆ, ಕೆಳಗೆ ಗಾಜು. ಎರಡರ ಒಳಮೈಗೂ ಕರೆಂಟ್ ಹರಿಯುವ, ಕಣ್ಣಿಗೆ ಕಾಣದ ತೆಳು ಲೇಪ. ನಡುವೆ ತುಸು ಖಾಲಿ ಜಾಗ. ಒತ್ತಿದಾಗ ಮೇಲಿನ ಹಾಳೆ ಬಾಗಿ ಕೆಳಗಿನದನ್ನು ಮುಟ್ಟುತ್ತದೆ. ಮುಟ್ಟಿದ ಜಾಗದಲ್ಲಿ ವೋಲ್ಟೇಜ್ ಎಷ್ಟಿದೆ ಅಂತ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಳೆದರೆ ಬೆರಳು ಎಲ್ಲಿದೆ ಅಂತ ಸಿಕ್ಕಿತು. ಇದಕ್ಕೆ ಬೆರಳೇ ಆಗಬೇಕು ಅಂತಿಲ್ಲ. ಪೆನ್ನಿನ ಕ್ಯಾಪ್ ಆದೀತು, ಉಗುರು ಆದೀತು, ಗ್ಲೌಸ್ ಹಾಕಿದ ಕೈ ಆದೀತು. ಅಮೆರಿಕದ ಓಕ್ ರಿಡ್ಜ್‌ನ ವಿಜ್ಞಾನಿ ಸ್ಯಾಮ್ಯುಯೆಲ್ ಹರ್ಸ್ಟ್ 1970ರ ದಶಕದಲ್ಲಿ ಈ ದಾರಿ ಹಾಕಿಕೊಟ್ಟವರು.

ಹೊಸದು ಕೆಪ್ಯಾಸಿಟಿವ್. ನಿಮ್ಮ ಫೋನಿನಲ್ಲಿ ಇರುವುದು ಇದೇ. ಗಾಜಿನ ಕೆಳಗೆ ಇಂಡಿಯಂ ಮತ್ತು ತವರದ ಆಕ್ಸೈಡ್‌ನಂಥ ಪಾರದರ್ಶಕ ವಸ್ತುವಿನ ಗೆರೆಗಳಿರುತ್ತವೆ. ಕೆಲವು ಅಡ್ಡ, ಕೆಲವು ಉದ್ದ. ಅಡ್ಡ ಗೆರೆಗಳಿಗೆ ಒಂದಾದ ಮೇಲೊಂದರಂತೆ ವಿದ್ಯುತ್ ಮಿಡಿತ ಕಳಿಸುತ್ತಾರೆ. ಉದ್ದ ಗೆರೆಗಳಲ್ಲಿ ಎಷ್ಟು ಬಂತು ಅಂತ ಅಳೆಯುತ್ತಾರೆ. ಎರಡು ಗೆರೆ ಎಲ್ಲೂ ಕೂಡಿಕೊಂಡಿಲ್ಲ, ಆದರೂ ನಡುವಿನ ವಿದ್ಯುತ್ ಕ್ಷೇತ್ರದ ಮೂಲಕ ಸ್ವಲ್ಪ ಸ್ವಲ್ಪ ದಾಟುತ್ತದೆ. ಬೆರಳು ಹತ್ತಿರ ಬಂದಾಗ ಆ ದಾಟುವುದರಲ್ಲಿ ಒಂದು ಪಾಲು ನಮ್ಮ ಮೈಗೆ ಎಳೆದುಹೋಗುತ್ತದೆ. ನಮ್ಮ ಮೈ ಉಪ್ಪು ನೀರಿನ ಚೀಲ, ಕರೆಂಟಿಗೆ ಒಳ್ಳೆಯ ದಾರಿ.

ಆಲಮಟ್ಟಿಯ ಕಾಲುವೆ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಮೇಲಿನಿಂದ ಬಿಟ್ಟ ನೀರು ಗೊತ್ತು, ಕೊನೆಯ ಹೊಲಕ್ಕೆ ಬರಬೇಕಾದ ನೀರೂ ಗೊತ್ತು. ಬಂದದ್ದು ಕಡಿಮೆ ಆಯಿತು ಅಂದರೆ ನಡುವೆ ಯಾರೋ ಪಂಪ್ ಇಟ್ಟಿದ್ದಾರೆ ಅಂತ ಅರ್ಥ. ಯಾವ ಸಾಲಿನಲ್ಲಿ ಎಷ್ಟು ಕಡಿಮೆ ಅಂತ ನೋಡಿದರೆ ಪಂಪ್ ಎಲ್ಲಿದೆ ಅಂತಲೂ ಹೇಳಬಹುದು. ಫೋನಿನ ಒಳಗಿನ ಚಿಪ್ ಮಾಡುವುದು ಇಷ್ಟೇ. ಪರದೆಯಿಡೀ ಇಂಥ ನೂರಾರು ಕೂಡುಜಾಗಗಳನ್ನು ಸೆಕೆಂಡಿಗೆ 60, 120 ಅಥವಾ ಇನ್ನೂ ಹೆಚ್ಚು ಸಲ ಎಣಿಸುತ್ತಾ ಇರುತ್ತದೆ.

ಈ 'ಕಡಿಮೆ' ಎಷ್ಟು ಚಿಕ್ಕದು ಅಂತ ಗೊತ್ತಾದರೆ ಆಶ್ಚರ್ಯ ಆಗುತ್ತದೆ. ಒಂದು ಬೆರಳಿನಿಂದ ಆಗುವ ವ್ಯತ್ಯಾಸ ಒಂದು ಪಿಕೋಫ್ಯಾರಡ್‌ಗಿಂತಲೂ ಕಡಿಮೆ. ವಿದ್ಯುತ್ ಹಿಡಿದಿಡುವ ಶಕ್ತಿಯನ್ನು ಅಳೆಯುವ ಮಾನ ಫ್ಯಾರಡ್, ಪಿಕೋಫ್ಯಾರಡ್ ಅಂದರೆ ಅದರ ಲಕ್ಷ ಕೋಟಿಯ ಒಂದು ಪಾಲು. ಅಷ್ಟು ಸಣ್ಣ ಸದ್ದನ್ನು ಕೇಳಿಸಿಕೊಳ್ಳಬೇಕು, ಅದೂ ಡಿಸ್‌ಪ್ಲೇ, ಬ್ಯಾಟರಿ, ಚಾರ್ಜರ್ ಎಲ್ಲ ಗಲಾಟೆ ಮಾಡುವ ಜಾಗದಲ್ಲಿ.

ಜಡ್ಡುಗಟ್ಟಿದ ಬೆರಳಿನ ಲೆಕ್ಕ

ಬೆರಳಿನ ಸಂಕೇತ ಎಷ್ಟು ಬಲವಾಗಿರುತ್ತದೆ ಅನ್ನುವುದು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ. ಗಾಜಿಗೆ ತಾಗಿದ ಜಾಗ ಎಷ್ಟು ಅಗಲ? ಕರೆಂಟ್ ಹರಿಯುವ ಜೀವಂತ ಚರ್ಮ ಗೆರೆಗಳಿಂದ ಎಷ್ಟು ದೂರ? ಅಗಲ ಜಾಸ್ತಿಯಾದರೆ ಸಂಕೇತ ಜಾಸ್ತಿ. ದೂರ ಜಾಸ್ತಿಯಾದರೆ ಕಡಿಮೆ.

ಕುಡುಗೋಲು ಹಿಡಿದು ಜೋಳ ಕೊಯ್ದ ಕೈ, ಮುಧೋಳ ಜಮಖಂಡಿ ಕಡೆ ಕಬ್ಬು ಕಡಿದ ಕೈ, ಕಲ್ಲು ಸಿಮೆಂಟಿನ ಗೌಂಡಿ ಕೈ. ಇವುಗಳ ಬೆರಳ ತುದಿಯಲ್ಲಿ ಸತ್ತ ಚರ್ಮದ ದಪ್ಪ ಪದರ ಕೂತಿರುತ್ತದೆ. ಅದು ಒಣಗಿದ್ದರೆ ಹೆಚ್ಚುಕಡಿಮೆ ವಿದ್ಯುತ್ ನಿರೋಧಕವೇ. ಅಂದರೆ ಬೆರಳು ಗಾಜನ್ನು ಮುಟ್ಟಿದೆ, ಆದರೆ ವಿದ್ಯುತ್ತಿನ ಲೆಕ್ಕದಲ್ಲಿ ಇನ್ನೂ ದೂರವೇ ಇದೆ. ಗಟ್ಟಿಯಾದ ಬೆರಳು ಮೆತ್ತಗಿನ ಬೆರಳಿನ ಹಾಗೆ ಚಪ್ಪಟೆಯಾಗುವುದೂ ಇಲ್ಲ, ಹಾಗಾಗಿ ತಾಗುವ ಜಾಗವೂ ಚಿಕ್ಕದು. ಎರಡೂ ಕಡೆಯಿಂದ ನಷ್ಟ. ಇದರ ಮೇಲೆ ಸಂತೆಯಲ್ಲಿ ಹಾಕಿಸಿದ ದಪ್ಪ ಟೆಂಪರ್ಡ್ ಗ್ಲಾಸ್ ಇದ್ದರೆ, ಅದರ ಅಡಿ ಒಂದಿಷ್ಟು ಗಾಳಿ ಸೇರಿಕೊಂಡಿದ್ದರೆ, ಮುಗಿಯಿತು.

ತಿಕೋಟಾ ಕಡೆ ಒಣದ್ರಾಕ್ಷಿ ಮಾಡುವ ಶೆಡ್‌ಗಳಲ್ಲಿ ಇನ್ನೊಂದು ಬಗೆ ಇದೆ. ಹಸಿ ದ್ರಾಕ್ಷಿಯನ್ನು ಒಣಗಿಸುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಕಾಯಿಯ ಮೇಲಿನ ಮೇಣದ ಪದರ ಸಡಿಲಾಗಿ ಬೇಗ ಒಣಗಲಿ ಅಂತ. ದಿನವಿಡೀ ಅದರಲ್ಲಿ ಕೈಯಾಡಿಸುವ ಹೆಂಗಸರ ಕೈಗೂ ಕ್ಷಾರ ತನ್ನ ಕೆಲಸ ಮಾಡುತ್ತದೆ. ಚರ್ಮದ ಎಣ್ಣೆಯಂಶ ಹೋಗಿ ಬೆರಳು ಒಣಗುತ್ತದೆ, ಒಡೆಯುತ್ತದೆ. ಸಂಜೆ ಮನೆಗೆ ಬಂದು ವಾಟ್ಸಾಪ್ ನೋಡೋಣ ಅಂದರೆ ಬೆರಳು ತಗೊಳ್ಳುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಆಗಬೇಕು. ಯಾವ ಸಂಕೇತವನ್ನು 'ಮುಟ್ಟಿದ್ದು' ಅಂತ ಒಪ್ಪಬೇಕು, ಯಾವುದನ್ನು 'ಗಲಾಟೆ' ಅಂತ ಬಿಡಬೇಕು ಅನ್ನುವುದು ಪ್ರಕೃತಿ ಹಾಕಿದ ಗೆರೆ ಏನಲ್ಲ. ಫೋನ್ ಮಾಡುವ ಎಂಜಿನಿಯರ್ ಹಾಕಿದ ಗೆರೆ. ಗೆರೆ ಕೆಳಗಿಳಿಸಿದರೆ ಒರಟು ಬೆರಳೂ ದಾಖಲಾಗುತ್ತದೆ, ಆದರೆ ನೀರಿನ ಹನಿ, ಕಿಸೆಯೊಳಗಿನ ತೊಡೆ, ಚಾರ್ಜರ್‌ನ ಕಿರಿಕಿರಿ ಕೂಡ 'ಬೆರಳು' ಅನ್ನಿಸಿಕೊಳ್ಳುತ್ತವೆ. ಮೇಲೇರಿಸಿದರೆ ಫೋನ್ ಶಾಂತವಾಗಿರುತ್ತದೆ, ಗೌಂಡಿಯ ಬೆರಳು ಹೊರಗುಳಿಯುತ್ತದೆ. ಕಂಪನಿಗಳು ಜಾಸ್ತಿ ಜನರಿಗೆ ಸರಿಹೋಗುವ ಕಡೆ ಗೆರೆ ಹಾಕುತ್ತವೆ. ಅದು ವ್ಯಾಪಾರ, ಒಪ್ಪೋಣ. ಆದರೆ ಅದೇ ಫೋನನ್ನು ಸರ್ಕಾರಿ ಕೆಲಸದ ಬಾಗಿಲು ಮಾಡಿದಾಗ ಆ ಗೆರೆ ವ್ಯಾಪಾರದ ವಿಷಯವಾಗಿ ಉಳಿಯುವುದಿಲ್ಲ.

ಕೆಲವು ಫೋನ್‌ಗಳಲ್ಲಿ ಗೆರೆ ಕೆಳಗಿಳಿಸುವ ಸ್ವಿಚ್ ನಮ್ಮ ಕೈಯಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ 'ಟಚ್ ಸೆನ್ಸಿಟಿವಿಟಿ' ಅಥವಾ 'ಗ್ಲೌ ಮೋಡ್' ಅಂತ ಇದೆಯಾ ನೋಡಿ. ಸ್ಕ್ರೀನ್ ಗಾರ್ಡ್ ಹಾಕಿದವರಿಗೆ ಅಂತ ಕೊಟ್ಟದ್ದು, ಜಡ್ಡುಗಟ್ಟಿದ ಬೆರಳಿಗೂ ಅಷ್ಟೇ ಉಪಯೋಗ. ಐಕಾನ್ ಎದ್ದು ಬರುವ ಕಾಟಕ್ಕೆ ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ 'ಟಚ್ ಅಂಡ್ ಹೋಲ್ಡ್ ಡಿಲೇ' ಇದೆ. ಅದನ್ನು 'ಲಾಂಗ್' ಮಾಡಿದರೆ ಅದುಮಿ ಹಿಡಿದರೂ ಬೇಗ ಲಾಂಗ್ ಪ್ರೆಸ್ ಆಗುವುದಿಲ್ಲ. ಅಪ್ಪ ಅಮ್ಮನಿಗೆ ಫೋನ್ ಕೊಡಿಸುವ ಮಕ್ಕಳು ವಾಲ್‌ಪೇಪರ್‌ಗೆ ದೇವರ ಫೋಟೊ ಹಾಕುತ್ತಾರೆ, ಈ ಎರಡು ಸೆಟ್ಟಿಂಗ್ ಮುಟ್ಟುವವರು ಅಪರೂಪ. ಅದೂ ಇಲ್ಲದಿದ್ದರೆ ಬೆರಳ ತುದಿಗೆ ಒಂಚೂರು ನೀರಿನ ಪಸೆ, ಅಥವಾ ಕೊಬ್ಬರಿ ಎಣ್ಣೆಗಿಂತ ಕೈಗೆ ಹಚ್ಚುವ ಲೋಷನ್. ತುದಿಯಿಂದ ಕುಟ್ಟುವ ಬದಲು ಬೆರಳಿನ ಮೆತ್ತನೆ ಭಾಗ ಚಪ್ಪಟೆಯಾಗಿ ತಾಗಿಸಬೇಕು, ತಾಗಿಸಿ ತಕ್ಷಣ ಎತ್ತಬೇಕು.

ಚಾರ್ಜಿಗೆ ಹಾಕಿದಾಗ ಫೋನಿಗೆ ಹುಚ್ಚು ಹಿಡಿಯುವುದು

ರಿಪೇರಿ ಅಂಗಡಿಗೆ ಬರುವ ದೂರುಗಳಲ್ಲಿ ಇದೊಂದು ಸಾಮಾನ್ಯ. 'ಚಾರ್ಜಿಗೆ ಇಟ್ಟಾಗ ತಾನೇ ಟೈಪ್ ಮಾಡ್ತದ್ರಿ.' ಕೆಲವರು ವೈರಸ್ ಅಂತಾರೆ, ಕೆಲವರು ಹ್ಯಾಕ್ ಆಗಿದೆ ಅಂತ ಹೆದರುತ್ತಾರೆ. ಬಹಳ ಸಲ ಕಾರಣ ಅಗ್ಗದ ಚಾರ್ಜರ್. ಒಳ್ಳೆಯ ಚಾರ್ಜರ್‌ನಲ್ಲಿ ವಿದ್ಯುತ್ ಕಿರಿಕಿರಿಯನ್ನು ಸೋಸುವ ಬಿಡಿಭಾಗಗಳಿರುತ್ತವೆ. ಅಗ್ಗದ್ದರಲ್ಲಿ ಅವನ್ನೇ ಉಳಿತಾಯ ಮಾಡಿರುತ್ತಾರೆ. ಆ ಕಿರಿಕಿರಿ ಇಡೀ ಫೋನನ್ನು ನಡುಗಿಸುತ್ತದೆ. ನೀವು ಬೆರಳಿಟ್ಟ ಕೂಡಲೇ ಅದಕ್ಕೆ ನೆಲ ಸೇರಲು ದಾರಿ ಸಿಗುತ್ತದೆ, ಬೆರಳಿನ ಮೂಲಕವೇ. ಆಗ ಚಿಪ್‌ಗೆ ಎಲ್ಲೆಲ್ಲೋ ಬೆರಳು ಕಂಡ ಹಾಗಾಗುತ್ತದೆ. ಚಾರ್ಜರ್ ಕಿತ್ತು ನೋಡಿ. ಸರಿಹೋದರೆ ಡಿಸ್‌ಪ್ಲೇ ಬದಲಿಸುವ ಖರ್ಚು ಉಳಿಯಿತು.

ಇದರ ತಮ್ಮನಂಥದ್ದು ಇನ್ನೊಂದಿದೆ. ಫೋನನ್ನು ಹೊರಸಿನ ಮೇಲೋ ಹಾಸಿಗೆ ಮೇಲೋ ಇಟ್ಟು ಒಂದೇ ಬೆರಳಿನಿಂದ ಒತ್ತಿದರೆ ಸರಿಯಾಗಿ ತಗೊಳ್ಳುವುದಿಲ್ಲ. ಅದನ್ನೇ ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ತಗೊಳ್ಳುತ್ತದೆ. ಕೈಯಲ್ಲಿ ಹಿಡಿದಾಗ ಫೋನಿಗೂ ನಿಮ್ಮ ಮೈಗೂ ವಿದ್ಯುತ್ ನಂಟು ಗಟ್ಟಿಯಾಗುತ್ತದೆ, ಬೆರಳಿನ ಸಂಕೇತವೂ ಗಟ್ಟಿಯಾಗುತ್ತದೆ. ಗ್ರಾಮ ಒನ್ ಕೇಂದ್ರದಲ್ಲಿ ಟೇಬಲ್ ಮೇಲೆ ಟ್ಯಾಬ್ ಇಟ್ಟು 'ಒತ್ರಿ ಅಜ್ಜಾ' ಅನ್ನುವ ಬದಲು ಕೈಗೇ ಕೊಟ್ಟರೆ ಒಳ್ಳೆಯದು ಅನ್ನುವುದಕ್ಕೆ ಹೀಗೊಂದು ಕಾರಣ ಇದೆ.

ಮಳೆ ಬಿಸಿಲಿನ ಕತೆ ಚಿಕ್ಕದು. ಖಾನಾಪುರ, ಜಾಂಬೋಟಿ ಕಡೆಯ ಜಿಟಿಜಿಟಿ ಮಳೆಯಲ್ಲಿ ಹನಿಗಳು ಗೆರೆಗಳ ನಡುವಿನ ಕ್ಷೇತ್ರವನ್ನೇ ಕೆಡಿಸುತ್ತವೆ. ಬೆವರಿನ ಉಪ್ಪು ನೀರು ಇನ್ನೂ ಜಾಸ್ತಿ. ವಿಜಯಪುರದ ಏಪ್ರಿಲ್ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಟಚ್‌ಗಿಂತ ಮೊದಲು ಬೆಳಕು ಕೈಕೊಡುತ್ತದೆ. ಫೋನ್ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ಪರದೆಯ ಬೆಳಕು ತಗ್ಗಿಸುತ್ತದೆ, ಅದೂ ಬೆಳಕು ಜಾಸ್ತಿ ಬೇಕಾದ ಹೊತ್ತಿನಲ್ಲೇ. ಬಯಲಲ್ಲಿ ಕೆಲಸ ಮಾಡುವವರ ಫೋಟೊ ತೆಗೆದು ದಿನಕ್ಕೆ ಎರಡು ಸಲ ಹಾಜರಿ ಕಳಿಸಬೇಕು ಅಂತ 2023ರ ಜನವರಿಯಿಂದ ಉದ್ಯೋಗ ಖಾತ್ರಿಯಲ್ಲಿ ಕಡ್ಡಾಯ ಮಾಡಿದಾಗ ಹಾಜರಿ ಹಿಡಿಯುವ ಕಾಯಕ ಬಂಧುಗಳು ಸೆರಗಿನ ನೆರಳಿನಲ್ಲಿ ಫೋನ್ ಹಿಡಿದು ನೋಡುವಂತಾದದ್ದು ಇದಕ್ಕೇ.

ಹೆಬ್ಬಟ್ಟಿನ ತಕರಾರು ಬೇರೆ

ನ್ಯಾಯಬೆಲೆ ಅಂಗಡಿಯಲ್ಲಿ 'ಬೆರಳು ತಗೊಳ್ತಿಲ್ಲ' ಅನ್ನುವುದನ್ನೂ ಇದರ ಜೊತೆ ಸೇರಿಸಿ ಮಾತಾಡುವವರಿದ್ದಾರೆ. ಅದು ಬೇರೆ ಯಂತ್ರ, ಬೇರೆ ರೋಗ. ಅಲ್ಲಿನ ರೀಡರ್‌ಗೆ ಬೆರಳು ಇದೆಯೋ ಇಲ್ಲವೋ ಅನ್ನುವುದು ಸಾಲದು, ಅದರ ಗೆರೆಗಳ ಚಿತ್ರ ಬೇಕು. ಹೆಚ್ಚಿನವು ಬೆಳಕಿನಿಂದ ಕೆಲಸ ಮಾಡುತ್ತವೆ. ಗಾಜಿನ ಒಳಗೆ ಬೆಳಕು ಪುಟಿಯುತ್ತಿರುತ್ತದೆ. ಬೆರಳಿನ ಏಣು, ಅಂದರೆ ಎದ್ದ ಗೆರೆ, ಎಲ್ಲಿ ಗಾಜಿಗೆ ತಾಗಿತೋ ಅಲ್ಲಿ ಬೆಳಕು ಸೋರಿ ಕಪ್ಪು ಗೆರೆ ಬೀಳುತ್ತದೆ. ಬೆರಳು ಒಣಗಿದ್ದರೆ ಗೆರೆ ತುಂಡುತುಂಡಾಗಿ ಬೀಳುತ್ತದೆ. ಸಿಮೆಂಟು, ಸುಣ್ಣ, ಕಲ್ಲಿನ ಕೆಲಸದವರಲ್ಲಿ ಏಣುಗಳೇ ಸವೆದಿರುತ್ತವೆ.

ಇಳಕಲ್ಲಿನ ಮಗ್ಗದ ಮುಂದೆ ಕೂತವರನ್ನು ನೆನೆಸಿಕೊಳ್ಳಿ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವುದು ಇಳಕಲ್ ಸೀರೆಯ ವಿಶೇಷ. ಸಾವಿರಾರು ಎಳೆ ಬೆರಳ ತುದಿಯಲ್ಲೇ ಹಾದುಹೋಗಬೇಕು. ಅಂಥ ನಾಜೂಕು ಬೆರಳನ್ನು ಯಂತ್ರ 'ಗುರುತು ಸಿಗಲಿಲ್ಲ' ಅಂದಾಗ ಸಿಟ್ಟು ಬರುವುದು ಸಹಜ ಅಲ್ವಾ?

ರೇಷನ್ ಸರದಿಯಲ್ಲಿ ಹೆಬ್ಬೆರಳನ್ನು ಹಣೆಗೋ ತಲೆಗೂದಲಿಗೋ ತಿಕ್ಕಿ ರೀಡರ್ ಮೇಲೆ ಇಡುವ ಅಜ್ಜಿಯರು ತಾವಾಗಿಯೇ ಕಂಡುಕೊಂಡ ಉಪಾಯ ಸರಿಯಾದದ್ದೇ. ಎಣ್ಣೆ ಪಸೆ ಸೇರಿದರೆ ಏಣು ಗಾಜಿಗೆ ಚೆನ್ನಾಗಿ ತಾಗುತ್ತದೆ. ಆದರೆ ಅದೇ ಎಣ್ಣೆ ಫೋನಿನ ಪರದೆಗೆ ಅಷ್ಟು ಉಪಕಾರಿಯಲ್ಲ, ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಫೋನಿಗೆ ನೀರು, ರೀಡರ್‌ಗೆ ಎಣ್ಣೆ ಪಸೆ. ಇನ್ನು ಸವೆದೇ ಹೋದ ಏಣುಗಳಿಗೆ ಯಾವ ಉಪಾಯವೂ ಇಲ್ಲ. ಒಟಿಪಿ, ಕಣ್ಣಿನ ಪಾಪೆ, ಮುಖ ಇವುಗಳಲ್ಲಿ ಒಂದು ದಾರಿ ತೆರೆದಿಡಲೇಬೇಕು.

ಮೊದಲ ಗಿರಾಕಿ ಯಾರು?

ಟಚ್‌ಸ್ಕ್ರೀನ್ ಯಾರಿಗಾಗಿ ಹುಟ್ಟಿತು ಅಂತ ಹಿಂದಕ್ಕೆ ಹೋಗಿ ನೋಡಿದರೆ ಬಹಳಷ್ಟು ಅರ್ಥವಾಗುತ್ತದೆ. 1965ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನ ರಾಡಾರ್ ಸಂಶೋಧನಾ ಕೇಂದ್ರದಲ್ಲಿದ್ದ ಇ. ಎ. ಜಾನ್ಸನ್ ಬೆರಳು ಮುಟ್ಟಿದರೆ ಕೆಲಸ ಮಾಡುವ ಪರದೆಯ ಬಗ್ಗೆ ಬರೆದರು. ಉದ್ದೇಶ, ವಿಮಾನ ಸಂಚಾರ ನಿಯಂತ್ರಿಸುವವರ ಕೆಲಸ ಹಗುರ ಮಾಡುವುದು. 1970ರ ದಶಕದಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಫ್ರಾಂಕ್ ಬೆಕ್ ಮತ್ತು ಬೆಂಟ್ ಸ್ಟುಂಪೆ ತಮ್ಮ ಹೊಸ ಕಣ ವೇಗವರ್ಧಕದ ನಿಯಂತ್ರಣ ಕೊಠಡಿಗೆ ಪಾರದರ್ಶಕ ಕೆಪ್ಯಾಸಿಟಿವ್ ಪರದೆ ಮಾಡಿದರು. ಸಾವಿರಾರು ಗುಂಡಿ ಇಡುವ ಬದಲು ಒಂದೇ ಪರದೆಯಲ್ಲಿ ಬೇಕಾದಾಗ ಬೇಕಾದ ಗುಂಡಿ. ಮುಟ್ಟುವವರು ತಂಪು ಕೊಠಡಿಯಲ್ಲಿ ಕೂತ ತರಬೇತಾದ ಎಂಜಿನಿಯರುಗಳು. 2007ರ ಜನವರಿಯಲ್ಲಿ ಐಫೋನ್ ತೋರಿಸುವಾಗ ಸ್ಟೀವ್ ಜಾಬ್ಸ್ ಕಡ್ಡಿಯಂಥ ಸ್ಟೈಲಸ್ ಯಾರಿಗೆ ಬೇಕು ಅಂತ ವೇದಿಕೆ ಮೇಲೇ ತಮಾಷೆ ಮಾಡಿದರು. ಅಲ್ಲಿಂದ ಬರಿಬೆರಳೇ ನಿಯಮ.

ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲಿ ಬೇರೊಂದು ದಾರಿ ಹುಡುಕಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್. ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರ್, ಸ್ಟೈಲಸ್‌ನಿಂದ ಒತ್ತುವ ಪರದೆ, ಓದು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ. 2004ರಲ್ಲಿ ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಓಡಲಿಲ್ಲ. ಬೆಲೆ, ವೇಗ, ಆಮೇಲೆ ಬಂದ ಮೊಬೈಲ್ ಅಲೆ, ಕಾರಣ ಹಲವು. ಆದರೆ ಹಳ್ಳಿಯ ಕೈಯನ್ನು ಮೊದಲು ಮನಸ್ಸಿಗೆ ತಂದುಕೊಂಡು ಶುರು ಮಾಡಿದ ಯಂತ್ರ ಅದು. ಈಗಿನ ಆಪ್‌ಗಳ ಬಗ್ಗೆ ಆ ಮಾತು ಹೇಳೋಕೆ ನನಗೆ ಧೈರ್ಯ ಸಾಲದು.

ಉದ್ಯಮಬಾಗದವರು ಗುಂಡಿ ಬಿಡಲಿಲ್ಲ

ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪ್‌ಗಳಿಗೆ ಹೋದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಯಂತ್ರದ ಪ್ಯಾನೆಲ್ ನೋಡಿ. ಪರದೆ ಇದೆ, ಪಕ್ಕದಲ್ಲೇ ಸಾಲುಸಾಲು ಗುಂಡಿಗಳೂ ಇವೆ. 'ಸೈಕಲ್ ಸ್ಟಾರ್ಟ್' ಗುಂಡಿ, ವೇಗ ಏರಿಸುವ ಇಳಿಸುವ ತಿರುಗಣೆ, ಎಲ್ಲಕ್ಕಿಂತ ಎದ್ದು ಕಾಣುವ ಕೆಂಪು ಅಣಬೆಯಾಕಾರದ ಎಮರ್ಜೆನ್ಸಿ ಸ್ಟಾಪ್. ಆಪರೇಟರ್ ಕೈಗೆ ಕೂಲಂಟ್ ಮೆತ್ತಿರುತ್ತದೆ, ಎಣ್ಣೆ ಇರುತ್ತದೆ. ಕಣ್ಣು ಯಂತ್ರದಲ್ಲಿ ತಿರುಗುವ ಜಾಬ್, ಅಂದರೆ ಕೊರೆಯುತ್ತಿರುವ ಲೋಹದ ತುಂಡಿನ ಮೇಲೆ. ಕೈ ತಡಕಾಡಿ ಗುಂಡಿ ಹುಡುಕಿ ಒತ್ತಬೇಕು. ಗಾಜಿನಲ್ಲಿ ತಡಕಾಡೋಕೆ ಏನೂ ಇಲ್ಲ. ಟಚ್ ಬೇಕಾದ ಕಡೆಯೂ ಕಾರ್ಖಾನೆಗಳು ಹಳೆಯ ರೆಸಿಸ್ಟಿವ್ ಪ್ಯಾನೆಲ್ಲನ್ನೇ ಇನ್ನೂ ಬಳಸುವುದುಂಟು, ಗ್ಲೌಸ್ ಹಾಕಿದ ಕೈಗೂ ಒಗ್ಗುತ್ತದೆ ಅಂತ.

ಗಾಜಿನ ದೊಡ್ಡ ಕೊರತೆ ಇದೇ ಅನ್ನುವುದು ನನ್ನ ಅಭಿಪ್ರಾಯ. ಬೆರಳಿಗಿಂತ ಮೊದಲು ಅದು ಕಣ್ಣನ್ನು ಕೇಳುತ್ತದೆ. ಬಸ್ಸಿನ ಕಂಡಕ್ಟರುಗಳನ್ನೇ ನೋಡಿ. ಗುಂಡಿ ಇದ್ದ ಟಿಕೆಟ್ ಮಷಿನ್‌ನಲ್ಲಿ ಅವರ ಹೆಬ್ಬೆರಳು ತಾನೇ ಓಡುತ್ತಿತ್ತು. ಗೋಕಾಕ ರಸ್ತೆಯ ತಿರುವಿನಲ್ಲಿ ಬಸ್ಸು ವಾಲಿದರೂ ಕಣ್ಣು ಪ್ರಯಾಣಿಕರ ಮೇಲೆ, ಬಾಯಲ್ಲಿ 'ಎಲ್ಲಿಗ್ರೀ?', ಕೈಯಲ್ಲಿ ಟಿಕೆಟ್. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬಿ ತುಳುಕುವಾಗ ಶೂನ್ಯ ಟಿಕೆಟುಗಳೂ ಸೇರಿ ಕೈಗೆ ಬಿಡುವಿಲ್ಲ. ಟಚ್ ಇರುವ ಮಷಿನ್‌ನಿಂದ ಯುಪಿಐ ಹಣ ಪಡೆಯಬಹುದು, ಚಿಲ್ಲರೆ ಜಗಳ ತಪ್ಪಿತು, ಅದು ಸಣ್ಣ ಲಾಭ ಅಲ್ಲ. ಆದರೆ ಪ್ರತಿ ಟಿಕೆಟಿಗೂ ತಲೆ ಬಗ್ಗಿಸಿ ಪರದೆ ನೋಡಬೇಕು.

ಹಡಗಿನವರು ಇದನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತರು. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲ ಹಡಗೊಂದಕ್ಕೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತರಬೇತಿಯ ಕೊರತೆಯ ಜೊತೆಗೆ ಟಚ್‌ಸ್ಕ್ರೀನ್ ನಿಯಂತ್ರಣದ ಗೊಂದಲವೂ ತನಿಖೆಯಲ್ಲಿ ಎದ್ದು ಬಂತು. 2019ರಲ್ಲಿ ನೌಕಾಪಡೆ ಹಡಗಿನ ವೇಗ ಏರಿಸಿ ಇಳಿಸಲು ಕೈಯಿಂದ ಎಳೆಯುವ ಹಳೆಯ ಥ್ರಾಟಲ್‌ಗೆ ವಾಪಸ್ ಹೋಗಲು ತೀರ್ಮಾನಿಸಿತು. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಯುರೋ ಎನ್‌ಸಿಎಪಿ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥ ಮುಖ್ಯ ಕೆಲಸಗಳಿಗೆ ನಿಜವಾದ ಗುಂಡಿ ಇಲ್ಲದಿದ್ದರೆ ಪೂರ್ತಿ ಐದು ಸ್ಟಾರ್ ಕೊಡುವುದು ಕಷ್ಟ ಅಂತ ಮಾಡಿದೆ.

ನಮ್ಮಲ್ಲೇ ಇನ್ನೂ ಒಳ್ಳೆಯ ಉದಾಹರಣೆ ಇದೆ, ಮತಯಂತ್ರ. ನೀಲಿ ಗುಂಡಿ ಒತ್ತಿದರೆ ಕೆಂಪು ದೀಪ, ಬೀಪ್ ಸದ್ದು, ವಿವಿಪ್ಯಾಟ್ ಗಾಜಿನ ಹಿಂದೆ 7 ಸೆಕೆಂಡ್ ಚೀಟಿ. ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ, ಕಿವಿಗೆ ಗೊತ್ತಾಗುತ್ತದೆ, ಕಣ್ಣಿಗೂ ಗೊತ್ತಾಗುತ್ತದೆ. ಬ್ರೈಲ್ ಕೂಡ ಇದೆ. ಮುದ್ದೇಬಿಹಾಳದ ಅಜ್ಜಿಗೂ ಸದಾಶಿವನಗರದ ಸಾಹೇಬರಿಗೂ ಒಂದೇ ಯಂತ್ರ, ಯಾರಿಗೂ ತರಬೇತಿ ಬೇಕಾಗಲಿಲ್ಲ.

ಹಾಗಂತ ಗಾಜನ್ನು ಬೈದು ಕೂರುವುದೂ ತಪ್ಪು. ಕನ್ನಡಕ್ಕೆ ಅದು ಮಾಡಿದ ಉಪಕಾರ ದೊಡ್ಡದು. ಗುಂಡಿ ಫೋನಿನ 12 ಕೀಲಿಯಲ್ಲಿ ಕನ್ನಡ ಬರೆಯುವುದು ಶಿಕ್ಷೆಯಾಗಿತ್ತು. ಒತ್ತಕ್ಷರ ಬಂದರೆ ಕೈಬಿಟ್ಟು 'ನಾಳೆ ಬರ್ತೀನಿ' ಅನ್ನುವುದನ್ನೂ ಇಂಗ್ಲಿಷ್ ಲಿಪಿಯಲ್ಲೇ ಬರೆಯುತ್ತಿದ್ದೆವು. ಕೀಲಿ ಪರದೆಯ ಮೇಲೆ ಬಿಡಿಸಿದ ಚಿತ್ರವಾದ ಮೇಲೆ ಯಾವ ಲಿಪಿಗೂ ಹೆಚ್ಚಿನ ಖರ್ಚಿಲ್ಲ. ಕಣ್ಣು ಕಾಣದವರಿಗೂ ಟಾಕ್‌ಬ್ಯಾಕ್‌ನಂಥ ಸೌಲಭ್ಯ ಇದೆ, ಮುಟ್ಟಿದ್ದನ್ನು ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ಒಪ್ಪಿಕೊಳ್ಳುತ್ತದೆ. ಆದರೆ ಅಂಗಡಿಯ ಕಾರ್ಡ್ ಮಷಿನ್ ಪೂರ್ತಿ ಗಾಜಿನದಾದರೆ, 5ರ ಮೇಲಿನ ಚುಕ್ಕೆ ಮುಟ್ಟಿ ಪಿನ್ ಹಾಕುತ್ತಿದ್ದವರು ಪಿನ್ನನ್ನು ಬೇರೆಯವರಿಗೆ ಹೇಳಬೇಕಾಗುತ್ತದೆ.

ಒಡೆದರೆ ಯಾರ ಕಿಸೆಗೆ?

ಮೊದಲೆಲ್ಲ ಟಚ್ ಗಾಜು ಬೇರೆ, ಡಿಸ್‌ಪ್ಲೇ ಬೇರೆ ಇರುತ್ತಿತ್ತು. ಬೆಳಗಾವಿಯ ಖಡೇಬಜಾರ್ ಕಡೆಯ ಅಂಗಡಿಗಳಲ್ಲಿ ಗಾಜು ಮಾತ್ರ ಬದಲಿಸಿಕೊಂಡು ಬರುತ್ತಿದ್ದೆವು. ಈಗ ಟಚ್ ಗೆರೆಗಳನ್ನು ಡಿಸ್‌ಪ್ಲೇ ಒಳಗೇ ಅಥವಾ ಮೇಲೇ ಹೆಣೆದಿರುತ್ತಾರೆ. 2012ರ ಐಫೋನ್ 5ರ ಹೊತ್ತಿಗೆ ಇದು ಜನಪ್ರಿಯವಾಯಿತು. ಪರದೆ ತೆಳುವಾಯಿತು, ಹೊಳಪು ಬಂತು. ಆದರೆ ಟಚ್ ಹೋದರೆ ಇಡೀ 'ಕಾಂಬೋ' ಬದಲಿಸಬೇಕು. ಒರಿಜಿನಲ್ ದುಬಾರಿ, ಹಾಗಾಗಿ ಹೆಚ್ಚಿನವರು ಡೂಪ್ಲಿಕೇಟ್ ಹಾಕಿಸುತ್ತಾರೆ. ಅದರ ಗೆರೆ, ಚಿಪ್ ಎರಡೂ ಕಳಪೆಯಾಗಿದ್ದರೆ ಮೊದಲೇ ಕಷ್ಟಪಡುತ್ತಿದ್ದ ಬೆರಳಿಗೆ ಇನ್ನಷ್ಟು ಕಷ್ಟ. ಕಬ್ಬಿನ ಗ್ಯಾಂಗಿನವರ ಕೈಯಲ್ಲಿರುವ ಫೋನ್ ಬಹಳ ಸಲ ಇಂಥದ್ದೇ. ಬಡವರಿಗೆ ಸಿಗುವ ಪರದೆ ಅತಿ ದುರ್ಬಲ, ಅವರ ಬೆರಳೋ ಅತಿ ಒರಟು. ಈ ಎರಡೂ ಒಂದೇ ಕೈಯಲ್ಲಿ ಸೇರುತ್ತವೆ ಅನ್ನುವುದನ್ನು ಆಪ್ ಮಾಡುವವರು ಲೆಕ್ಕಕ್ಕೆ ತಗೊಂಡ ಹಾಗೆ ಕಾಣುವುದಿಲ್ಲ.

ಮಾಡಬಹುದಾದದ್ದು ಬೇಕಾದಷ್ಟಿದೆ. ಆಪ್‌ನಲ್ಲಿ ಗುಂಡಿಯ ಚಿತ್ರ ಹೆಬ್ಬೆರಳಿನಷ್ಟು ದೊಡ್ಡದಿರಲಿ, ಒಂದಕ್ಕೊಂದು ಅಂಟಿಕೊಳ್ಳದಿರಲಿ. ಒತ್ತಿದಾಗ ಸದ್ದು, ಕಂಪನ ಎರಡೂ ಬರಲಿ. ಅದುಮಿ ಹಿಡಿದರೂ ಸುಮ್ನೆ ಒತ್ತಿದ್ದು ಅಂತಲೇ ತಿಳಿಯಲಿ, ಆಪ್ ಒಳಗೆ ಲಾಂಗ್ ಪ್ರೆಸ್‌ಗೆ ಬೇರೆ ಅರ್ಥವೇ ಬೇಡ. ಸರ್ವೆ ನಂಬರನ್ನು ಬಾಯಲ್ಲಿ ಹೇಳಿದರೆ ತಗೊಳ್ಳಲಿ. ಗುಂಡಿ ಫೋನಿನಿಂದಲೂ ಹಣ ಕಳಿಸುವ ಯುಪಿಐ 123ಪೇ 2022ರ ಮಾರ್ಚ್‌ನಲ್ಲೇ ಬಂದಿದೆ. ಹಣಕ್ಕೆ ಆಗುವುದು ಬೆಳೆ ಸಮೀಕ್ಷೆಗೆ ಯಾಕೆ ಆಗಬಾರದು? ಫೋಟೊ ಒಂದು ಬಿಟ್ಟರೆ ಉಳಿದದ್ದೆಲ್ಲ ಫೋನ್ ಕರೆಯಲ್ಲಿ, ಗುಂಡಿ ಒತ್ತಿ ಮುಗಿಸಬಹುದಾದ ಪ್ರಶ್ನೆಗಳೇ.

ಕಚೇರಿಗೆ, ಗ್ರಾಮ ಪಂಚಾಯಿತಿಗೆ ಟ್ಯಾಬ್ ಅಥವಾ ಕಿಯಾಸ್ಕ್ ಕೊಳ್ಳುವಾಗ ಟೆಂಡರ್‌ನಲ್ಲಿ ಪರದೆ ಎಷ್ಟು ಇಂಚು, ಮೆಮೊರಿ ಎಷ್ಟು ಜಿಬಿ ಅಂತ ಕೇಳುವುದು ವಾಡಿಕೆ. ಅದರ ಜೊತೆ ಗ್ಲೌ ಮೋಡ್ ಇದೆಯಾ, ಒದ್ದೆ ಬೆರಳಿಗೆ ಹೇಗೆ, ಬಿಸಿಲಿನಲ್ಲಿ ಬೆಳಕು ಎಷ್ಟು, ಚಾರ್ಜರ್ ಯಾವುದು, ಅರ್ಥಿಂಗ್ ಇದೆಯಾ ಅಂತ ನಾಲ್ಕು ಸಾಲು ಸೇರಿಸಲು ಖರ್ಚೇನೂ ಇಲ್ಲ. ಪಿನ್ ಹಾಕುವ ಜಾಗದಲ್ಲಿ ನಿಜವಾದ ಗುಂಡಿ ಇರಲೇಬೇಕು ಅಂತಲೂ ಬರೆಯಬಹುದು. ಮಾದರಿ ಯಂತ್ರ ಬಂದಾಗ ಜಿಲ್ಲಾಧಿಕಾರಿ ಕಚೇರಿಯ ಎಸಿ ಕೋಣೆಯಲ್ಲಿ ಆಪರೇಟರ್ ಒತ್ತಿ ನೋಡಿದರೆ ಅದು ಪರೀಕ್ಷೆ ಆಗುವುದಿಲ್ಲ. ಒಂದು ದಿನ ಮುಧೋಳದ ಕಬ್ಬಿನ ಗದ್ದೆಗೆ, ಇಳಕಲ್ಲಿನ ಮಗ್ಗದ ಮನೆಗೆ, ಉದ್ಯಮಬಾಗದ ಫೌಂಡ್ರಿಗೆ ತಗೊಂಡು ಹೋಗಿ. ಊಟದ ಬಿಡುವಿನ ಹೊತ್ತಿಗೆ, ಕೈ ತೊಳೆಯುವ ಮೊದಲೇ ಕೊಡಿ. ಹತ್ತರಲ್ಲಿ ಎಷ್ಟು ಜನರ ಬೆರಳು ಮೊದಲ ಸಲಕ್ಕೇ ತಗೊಂಡಿತು ಅಂತ ಬರೆದುಕೊಂಡು ಬಂದು, ಆಮೇಲೆ ದರ ಮಾತಾಡಬಹುದು.